ಕುಂಡದ ಸಸಿಗಳ ನಾಟಿ ಮತ್ತು ಶಿಲೀಂಧ್ರ ನೊಣಗಳ ಹತೋಟಿ

ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಕುಟುಂಬಗಳಿಗೆ ಹಿತ್ತಿಲೆಂಬುದು ಇಲ್ಲ. ಆದರೂ ಮುಂಬಯಿಯ ಮಾಟುಂಗದಲ್ಲಾಗಲಿ, ದೆಹಲಿಯ ರಾಮಕೃಷ್ಣಪುರದ ಸರ್ಕಾರಿ ವಸತಿಗೃಹಗಳಲ್ಲಾಗಲಿ, ಪುಣೆ, ಚೆನ್ನೈ, ಹೈದರಾಬಾದು ನಗರಗಳ ಬಡಾವಣೆಗಳಲ್ಲಾಗಲಿ ಕನ್ನಡಿಗರ ಮನೆಗಳ ಬಾಲ್ಕನಿಗಳಲ್ಲಿ ತುಳಸಿ, ಕರಿಬೇವು, ದೊಡ್ಡಪತ್ರೆ, ಮೆಣಸಿನ ಗಿಡ, ಟೊಮೇಟೊ, ಸೇವಂತಿಗೆಗಳ ಕುಂಡಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಬೆಳೆದ ಗಿಡವನ್ನು ಕೊಳ್ಳುವ ಬದಲು ಬೀಜದಿಂದಲೇ ಸಸಿ ಎಬ್ಬಿಸುವವರೂ ಅನೇಕರಿದ್ದಾರೆ. ಊರಿನಿಂದ ತಂದ ಬೀಜವಾಗಿದ್ದರೆ ಅದರ ಮೇಲಿನ ಮಮತೆ ಇನ್ನೂ ಹೆಚ್ಚು.

ಹೀಗೆ ಎಬ್ಬಿಸಿದ ಸಸಿಗಳು ಚಿಕ್ಕ ಬಟ್ಟಲುಗಳಲ್ಲಿ ಚೆನ್ನಾಗಿಯೇ ಮೊಳೆತು ನಾಲ್ಕಾರು ಎಲೆ ಬಿಡುತ್ತವೆ. ಆದರೆ ದೊಡ್ಡ ಕುಂಡಕ್ಕೆ ವರ್ಗಾಯಿಸಿದ ಹತ್ತು ಹದಿನೈದು ದಿನಗಳಲ್ಲಿ ಕೆಲವು ಸಸಿಗಳು ಬೆಳವಣಿಗೆ ನಿಲ್ಲಿಸಿ, ಹಳದಿಗೆ ತಿರುಗಿ, ಮಧ್ಯಾಹ್ನದ ವೇಳೆಗೆ ಬಾಡಿ ತಲೆಬಾಗುತ್ತವೆ. ಕುಂಡದ ಸುತ್ತ ಸೊಳ್ಳೆಯನ್ನು ಹೋಲುವ ಕಪ್ಪನೆಯ ಸಣ್ಣ ನೊಣಗಳು ಹಾರಾಡುತ್ತಿರುತ್ತವೆ. ಮನೆಯವರು ಸಸಿ ಬಾಡಿದ್ದನ್ನು ಕಂಡು ನೀರು ಸಾಲದೆಂದು ಭಾವಿಸಿ ಮತ್ತಷ್ಟು ನೀರು ಹಾಕುತ್ತಾರೆ. ನೊಣಗಳನ್ನು ಕಂಡು ಸೊಳ್ಳೆ ಔಷಧ ಸಿಂಪಡಿಸುತ್ತಾರೆ. ಎರಡರಿಂದಲೂ ಸಸಿ ಉಳಿಯುವುದಿಲ್ಲ. ಕಾರಣವೇನೆಂದರೆ, ಹಾನಿ ಮಾಡುವ ಜೀವಿ ಗಾಳಿಯಲ್ಲಿಲ್ಲ, ಮಣ್ಣಿನಲ್ಲಿದೆ. ಮತ್ತು ಅದನ್ನು ಪೋಷಿಸುತ್ತಿರುವುದು ಆ ಹೆಚ್ಚಿನ ನೀರೇ. ಈ ಕೀಟದ ಸ್ವರೂಪ, ನಾಟಿಯ ಸಮಯದಲ್ಲಿ ಅದು ಏಕೆ ಪ್ರಬಲವಾಗುತ್ತದೆ, ಸಸಿಗಳನ್ನು ಅದರಿಂದ ಕಾಪಾಡುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೀಟದ ಪರಿಚಯ

ಈ ಕೀಟವನ್ನು ಇಂಗ್ಲಿಷಿನಲ್ಲಿ ‘ಫಂಗಸ್ ನ್ಯಾಟ್’ ಎನ್ನುತ್ತಾರೆ. ಆಡುಮಾತಿನಲ್ಲಿ ಇಂಥ ಸಣ್ಣ ಕೀಟಗಳನ್ನೆಲ್ಲ ನುಸಿ, ನೊರಜು, ಗುಂಗುರು ಎಂದು ಕರೆಯುವುದುಂಟು. ಇಲ್ಲಿ ಅದನ್ನು ಶಿಲೀಂಧ್ರ ನೊಣ ಎಂದು ಹೆಸರಿಸಲಾಗಿದೆ. ಕುಂಡಗಳಲ್ಲಿ ಕಾಣಸಿಗುವ ಶಿಲೀಂಧ್ರ ನೊಣಗಳು ಹೆಚ್ಚಾಗಿ ಸಿಯಾರಿಡೇ ಕುಟುಂಬದ ಬ್ರಾಡಿಸಿಯಾ ಜಾತಿಗೆ ಸೇರಿದವು.

ಪ್ರೌಢ ನೊಣ 2ರಿಂದ 4 ಮಿಲಿಮೀಟರ್ ಉದ್ದವಿರುತ್ತದೆ. ಮೈ ಕಪ್ಪು ಅಥವಾ ಬೂದುಗಪ್ಪು. ಕಾಲುಗಳೂ ಕುಡಿಮೀಸೆಗಳೂ ನೀಳವಾಗಿರುತ್ತವೆ. ಇದು ಬಲವಾಗಿ ಹಾರಲಾರದು. ಕುಂಡವನ್ನು ಅಲುಗಾಡಿಸಿದಾಗ ಮೇಲೆದ್ದು, ಸ್ವಲ್ಪ ದೂರ ತಡವರಿಸಿಕೊಂಡು ಹಾರಿ, ಮತ್ತೆ ಮಣ್ಣಿನ ಮೇಲೆಯೇ ಕುಳಿತು ಓಡಾಡುತ್ತದೆ. ಇದು ಮನುಷ್ಯರನ್ನು ಕಚ್ಚುವುದಿಲ್ಲ. ಅಡಿಗೆಮನೆಯಲ್ಲಿ ಮಾಗಿದ ಬಾಳೆಹಣ್ಣಿನ ಸುತ್ತ ಹಾರುವ, ಕೆಂಪು ಕಣ್ಣಿನ ಹಣ್ಣಿನ ನೊಣ ಬೇರೆ. ಎಲೆಯ ಅಡಿಯಲ್ಲಿ ಗುಂಪುಗೂಡಿ ರಸ ಹೀರುವ ಬಿಳಿನೊಣವೂ ಬೇರೆ. ಅವುಗಳಿಗೆ ಹೇಳಿದ ಉಪಾಯ ಇದಕ್ಕೆ ಹೊಂದುವುದಿಲ್ಲವಾದ್ದರಿಂದ ಮೊದಲು ಕೀಟವನ್ನು ಸರಿಯಾಗಿ ಗುರುತಿಸಿಕೊಳ್ಳುವುದು ಅವಶ್ಯಕ.

ಹೆಣ್ಣು ನೊಣ ತೇವವಾದ ಮಣ್ಣಿನ ಮೇಲ್ಪದರದಲ್ಲಿ, ಮುಖ್ಯವಾಗಿ ಕೊಳೆಯುತ್ತಿರುವ ಸಾವಯವ ಪದಾರ್ಥ ಇರುವೆಡೆ, ನೂರರಷ್ಟು ಅಥವಾ ಅದಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಮೊಟ್ಟೆಗಳು 3ರಿಂದ 6 ದಿನಗಳಲ್ಲಿ ಒಡೆದು ಮರಿಹುಳುಗಳು ಹೊರಬರುತ್ತವೆ. ಮರಿಹುಳುವಿಗೆ ಕಾಲುಗಳಿಲ್ಲ, ಮೈ ಬಿಳುಪಾಗಿ ಪಾರದರ್ಶಕವಾಗಿದ್ದು, ತಲೆ ಮಾತ್ರ ಹೊಳೆಯುವ ಕಪ್ಪು. ಇದೇ ಅದನ್ನು ಗುರುತಿಸುವ ಮುಖ್ಯ ಲಕ್ಷಣ. ಮರಿಹುಳು ಸುಮಾರು ಎರಡು ವಾರ ಮಣ್ಣಿನಲ್ಲಿ ಮೇಯ್ದು, ಬಳಿಕ ಕೋಶಾವಸ್ಥೆಗೆ ಹೋಗಿ, 3ರಿಂದ 6 ದಿನಗಳಲ್ಲಿ ನೊಣವಾಗಿ ಹೊರಬರುತ್ತದೆ. ಪ್ರೌಢ ನೊಣದ ಆಯುಸ್ಸು ಸುಮಾರು ಒಂದು ವಾರದಿಂದ ಹತ್ತು ದಿನ. ಹೀಗೆ ಒಂದು ತಲೆಮಾರಿಗೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಹವೆ ಬೆಚ್ಚಗಿದ್ದರೆ ಇನ್ನೂ ಬೇಗ. ಒಂದೇ ಕುಂಡದಲ್ಲಿ ಮೊಟ್ಟೆ, ಹುಳು, ಕೋಶ, ನೊಣ ಎಲ್ಲವೂ ಏಕಕಾಲದಲ್ಲಿ ಇರುವುದರಿಂದ ಒಂದು ದಿನದ ಚಿಕಿತ್ಸೆಯಿಂದ ಈ ಕೀಟ ಹೋಗುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಹಾನಿಯ ಸ್ವರೂಪ

ಹೆಸರೇ ಸೂಚಿಸುವಂತೆ ಮರಿಹುಳುಗಳ ಮುಖ್ಯ ಆಹಾರ ಶಿಲೀಂಧ್ರ, ಪಾಚಿ ಮತ್ತು ಕೊಳೆಯುತ್ತಿರುವ ಸಾವಯವ ಪದಾರ್ಥ. ಕಾಡಿನ ನೆಲದಲ್ಲಿ ಉದುರಿದ ಎಲೆಯನ್ನು ಮಣ್ಣಾಗಿಸುವ ಕೆಲಸದಲ್ಲಿ ಇವುಗಳಿಗೂ ಪಾಲಿದೆ. ಬಲಿತ ಗಿಡದ ಕುಂಡದಲ್ಲಿ ನಾಲ್ಕಾರು ಹುಳುಗಳಿದ್ದರೆ ಗಿಡಕ್ಕೆ ಹೇಳಿಕೊಳ್ಳುವಂತಹ ತೊಂದರೆಯಿಲ್ಲ. ಆದರೆ ಸಂಖ್ಯೆ ಹೆಚ್ಚಾದಾಗ ಅವು ಎಳೆಯ ಬೇರುಗಳನ್ನೂ, ನೀರನ್ನು ಹೀರಿಕೊಳ್ಳುವ ಸೂಕ್ಷ್ಮವಾದ ಬೇರುರೋಮಗಳನ್ನೂ ತಿನ್ನುತ್ತವೆ. ನೆಟ್ಟ ಕಡ್ಡಿಗಳ ಬುಡವನ್ನು ಕೊರೆಯುವುದೂ ಉಂಟು. ಬಲಿತ ಗಿಡಕ್ಕೆ ಬೇರುಗಳು ಅನೇಕ. ಸಸಿಗೆ ಇರುವುದೇ ಕೆಲವು. ಆದ್ದರಿಂದಲೇ ಇದರ ಬಾಧೆ ಸಸಿಗಳಿಗೆ ಪ್ರಾಣಾಂತಕ.

ಇನ್ನೊಂದು ಬಗೆಯ ಹಾನಿ ಪರೋಕ್ಷವಾದುದು. ಹುಳು ಕಡಿದ ಗಾಯದ ಮೂಲಕ ಪಿಥಿಯಂ, ಫ್ಯುಸೇರಿಯಂ ಮೊದಲಾದ ರೋಗಕಾರಕಗಳು ಬೇರನ್ನು ಪ್ರವೇಶಿಸುತ್ತವೆ. ನೊಣಗಳು ತಮ್ಮ ಮೈಗೆ ಅಂಟಿದ ಬೀಜಕಣಗಳನ್ನು ಕುಂಡದಿಂದ ಕುಂಡಕ್ಕೆ ಒಯ್ಯಬಲ್ಲವು. ನೆಲಮಟ್ಟದಲ್ಲಿ ಕಾಂಡ ಕೊಳೆತು ಸಸಿ ಮುರಿದು ಬೀಳುವ ಸಸಿ ಕೊಳೆ ರೋಗಕ್ಕೆ ಈ ನೊಣ ಹೀಗೆ ದಾರಿ ಮಾಡಿಕೊಡುತ್ತದೆ.

ನಾಟಿಯ ಸಮಯದಲ್ಲಿ ಅಪಾಯ ಏಕೆ ಹೆಚ್ಚು?

ಬಟ್ಟಲಿನಲ್ಲಿ ಚೆನ್ನಾಗಿದ್ದ ಸಸಿ ಕುಂಡಕ್ಕೆ ಹೋದೊಡನೆ ಸೊರಗುವುದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದಾಗಿ, ಎಷ್ಟೇ ಜೋಪಾನವಾಗಿ ಕಿತ್ತರೂ ಕೆಲವು ಎಳೆಯ ಬೇರುಗಳು ಹರಿಯುತ್ತವೆ. ಹರಿದ ತುದಿ ರೋಗಕ್ಕೆ ತೆರೆದ ಬಾಗಿಲು; ಉಳಿದ ಬೇರುಗಳ ಮೇಲೆ ಹೊರೆಯೂ ಹೆಚ್ಚು. ಎರಡನೆಯದಾಗಿ, ಹೊಸ ಕುಂಡಕ್ಕೆ ತುಂಬುವ ಮಿಶ್ರಣದಲ್ಲಿ ಪೂರ್ತಿ ಕಳಿಯದ ಗೊಬ್ಬರವಿದ್ದರೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಬೂಷ್ಟಿರುವೆಡೆಗೆ ನೊಣ ಬರುತ್ತದೆ. ಮೂರನೆಯದಾಗಿ, ನಾಲ್ಕೆಲೆಯ ಸಸಿಯನ್ನು ದೊಡ್ಡ ಕುಂಡದಲ್ಲಿಟ್ಟಾಗ ಅಷ್ಟು ಮಣ್ಣಿನಲ್ಲಿರುವ ನೀರನ್ನು ಅದು ಹೀರಿ ಮುಗಿಸಲಾರದು. ಮಣ್ಣು ಅನೇಕ ದಿನ ಒದ್ದೆಯಾಗಿಯೇ ಉಳಿಯುತ್ತದೆ. ನಾಲ್ಕನೆಯದಾಗಿ, ಹಳೆಯ ಬಟ್ಟಲಿನಲ್ಲಿ ಅದಾಗಲೇ ಇರಬಹುದಾದ ಮೊಟ್ಟೆ ಮತ್ತು ಹುಳುಗಳು ಬೇರಿನ ಮುದ್ದೆಯೊಡನೆ ಹೊಸ ಕುಂಡಕ್ಕೆ ಸಾಗುತ್ತವೆ. ಗಾಯಗೊಂಡ ಬೇರು, ಹೊಸ ಆಹಾರ, ಸದಾ ತೇವ, ಜೊತೆಯಲ್ಲೇ ಬಂದ ಶತ್ರು - ಈ ನಾಲ್ಕೂ ಒಂದೇ ದಿನ ಕೂಡಿಬರುವ ಸಂದರ್ಭವೇ ನಾಟಿ.

ಆದಕಾರಣ ಸಸಿಯನ್ನು ರಕ್ಷಿಸುವ ಕಾರ್ಯ ನೊಣ ಕಂಡ ಮೇಲೆ ಆರಂಭವಾಗತಕ್ಕದ್ದಲ್ಲ. ನಾಟಿಗೆ ಹತ್ತು ದಿನ ಮೊದಲೇ ಆರಂಭವಾಗಿ, ನಾಟಿಯ ನಂತರ ಮೂರು ನಾಲ್ಕು ವಾರಗಳ ಕಾಲ ನಡೆಯಬೇಕು.

ನಾಟಿಗೆ ಮುನ್ನ: ಸಸಿಯ ಪರೀಕ್ಷೆ

ನಾಟಿಗೆ ಹತ್ತು ದಿನ ಇರುವಾಗ ಬಟ್ಟಲಿನ ಮಣ್ಣನ್ನು ಪರೀಕ್ಷಿಸಬೇಕು. ಇದಕ್ಕೆ ಆಲೂಗಡ್ಡೆಯ ಪರೀಕ್ಷೆ ಅತ್ಯಂತ ಸುಲಭ. ಹಸಿ ಆಲೂಗಡ್ಡೆಯನ್ನು ಸುಮಾರು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಕತ್ತರಿಸಿದ ಮುಖ ಮಣ್ಣಿಗೆ ತಾಗುವಂತೆ ಸಸಿಯ ಪಕ್ಕದಲ್ಲಿ ಒತ್ತಿ ಇಡಬೇಕು. ಮೂರು ನಾಲ್ಕು ದಿನಗಳ ನಂತರ ಬಿಲ್ಲೆಯನ್ನು ಎತ್ತಿ ಅದರ ಅಡಿಯನ್ನೂ ಅದಿದ್ದ ಜಾಗದ ಮಣ್ಣನ್ನೂ ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಮರಿಹುಳುಗಳಿದ್ದಲ್ಲಿ ಅವು ಆಲೂಗಡ್ಡೆಗೆ ಆಕರ್ಷಿತವಾಗಿ ಅಲ್ಲಿ ಸೇರಿರುತ್ತವೆ. ಕಪ್ಪು ತಲೆಯಿಂದ ಅವುಗಳನ್ನು ಗುರುತಿಸಬಹುದು. ಮಣ್ಣಿನ ಮೇಲೆ ಒಣಗಿದ ಲೋಳೆಯಂತಹ ಹೊಳೆಯುವ ಗೆರೆಗಳು ಕಂಡರೂ ಹುಳುಗಳಿರುವ ಸಂಭವವಿದೆ.

ಹುಳುಗಳು ಕಂಡುಬಂದ ಸಸಿಗಳನ್ನು ನಾಟಿ ಮಾಡದೆ ಪ್ರತ್ಯೇಕವಾಗಿರಿಸಿ, ಮುಂದೆ ವಿವರಿಸಿರುವ ಹತೋಟಿ ಕ್ರಮಗಳನ್ನು ಕೈಗೊಳ್ಳಬೇಕು. ಹುಳುಗಳ ಸಂಖ್ಯೆ ಅಧಿಕವಾಗಿದ್ದು ಸಸಿ ಆಗಲೇ ಸೊರಗಿದ್ದರೆ ಅದನ್ನು ಮಣ್ಣಿನ ಸಮೇತ ಚೀಲದಲ್ಲಿ ಕಟ್ಟಿ ಹೊರಹಾಕುವುದೇ ಲೇಸು. ಒಂದು ಸಸಿಯ ಮೇಲಿನ ಮಮತೆಯಿಂದ ಹತ್ತು ಸಸಿಗಳನ್ನು ಕಳೆದುಕೊಳ್ಳುವಂತಾಗಬಾರದು. ನರ್ಸರಿಯಿಂದ ಕೊಂಡು ತಂದ ಸಸಿಗಳನ್ನೂ ಒಂದು ವಾರ ಇತರ ಕುಂಡಗಳಿಂದ ದೂರವಿಟ್ಟು ಇದೇ ಪರೀಕ್ಷೆಗೆ ಒಳಪಡಿಸತಕ್ಕದ್ದು.

ಈ ಹತ್ತು ದಿನಗಳಲ್ಲಿ ಆರೋಗ್ಯವಂತ ಸಸಿಗಳಿಗೆ ಮೇಲಿನಿಂದ ನೀರು ಚಿಮುಕಿಸುವುದನ್ನು ಬಿಟ್ಟು, ಬಟ್ಟಲನ್ನು ನೀರಿರುವ ತಟ್ಟೆಯಲ್ಲಿ ಸುಮಾರು ಅರ್ಧ ಗಂಟೆ ಇರಿಸಿ ತೆಗೆಯಬೇಕು. ಮಣ್ಣು ತಳದ ರಂಧ್ರದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಬೇರಿಗೆ ತೇವ ದೊರೆಯುತ್ತದೆ, ಮೇಲ್ಪದರ ಒಣಗಿರುತ್ತದೆ. ಒಣ ಮೇಲ್ಪದರದಲ್ಲಿ ಮೊಟ್ಟೆಗಳೂ ಎಳೆಯ ಹುಳುಗಳೂ ಬದುಕುವುದು ಕಷ್ಟ.

ಮಣ್ಣಿನ ಮಿಶ್ರಣ

ತೋಟದ ಮಣ್ಣು, ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಸಮಪ್ರಮಾಣದಲ್ಲಿ ಸೇರಿಸಿದ ಮಿಶ್ರಣ ಸಾಮಾನ್ಯವಾಗಿ ಎಲ್ಲ ಸಸಿಗಳಿಗೂ ಒಗ್ಗುತ್ತದೆ. ಇಲ್ಲಿ ‘ಚೆನ್ನಾಗಿ ಕಳಿತ’ ಎಂಬುದೇ ಮುಖ್ಯ. ಕಳಿತ ಗೊಬ್ಬರ ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಹೊಂದಿರುತ್ತದೆ. ಅದರಲ್ಲಿ ಎಲೆಯ ತುಣುಕು, ಸಗಣಿಯ ಹೆಂಟೆ ಗುರುತು ಸಿಗುವಂತಿರಬಾರದು, ಮುಟ್ಟಿದರೆ ಬಿಸಿಯಿರಬಾರದು. ಅನುಮಾನವಿದ್ದಲ್ಲಿ ಒಂದು ಹಿಡಿ ಗೊಬ್ಬರವನ್ನು ಸ್ವಲ್ಪ ನೆನೆಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೂರು ನಾಲ್ಕು ದಿನಗಳ ನಂತರ ಬಿಚ್ಚಿ ಮೂಸಿ ನೋಡಬೇಕು. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಅದು ಇನ್ನೂ ಕಳಿತಿಲ್ಲ ಎಂದರ್ಥ. ಅಣಬೆ ಬೆಳೆದು ಉಳಿದ ಗೊಬ್ಬರವನ್ನು ಬಳಸುವವರು ವಿಶೇಷ ಎಚ್ಚರ ವಹಿಸಬೇಕು. ಸಿಯಾರಿಡ್ ನೊಣಗಳು ಅಣಬೆ ಬೇಸಾಯದ ಮುಖ್ಯ ಪೀಡೆಗಳಲ್ಲಿ ಒಂದಾಗಿರುವುದರಿಂದ, ಅಂತಹ ಗೊಬ್ಬರವನ್ನು ಚೆನ್ನಾಗಿ ಕಳಿಸಿ, ಬಿಸಿಲಿಗೆ ಒಡ್ಡಿದ ಮೇಲೆಯೇ ಉಪಯೋಗಿಸಬೇಕು.

ಇತ್ತೀಚಿನ ವರ್ಷಗಳಲ್ಲಿ ಮಣ್ಣಿನ ಬದಲು ತೆಂಗಿನ ನಾರಿನ ಪುಡಿಯನ್ನು, ಅಂದರೆ ಕೋಕೋಪೀಟನ್ನು, ಬಳಸುವ ರೂಢಿ ನಗರಗಳಲ್ಲಿ ಹೆಚ್ಚಿದೆ. ಇದು ಹಗುರ, ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಆ ಗುಣವೇ ಇಲ್ಲಿ ದೋಷವೂ ಆಗಬಹುದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯಿರುತ್ತದೆ. ಕೊಂಡು ತಂದ ಇಟ್ಟಿಗೆಯನ್ನು ಕುದಿಯುವ ನೀರಿನಲ್ಲಿ ನೆನೆಸಿ, ಆರಿದ ಮೇಲೆ ಒಂದೆರಡು ಬಾರಿ ತೊಳೆದು ಉಪ್ಪಿನಂಶ ತೆಗೆದು, ಹಿಂಡಿ, ಮರಳಿನೊಡನೆ ಬೆರೆಸಿ ಬಳಸುವುದು ಯುಕ್ತ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ಪುಡಿಯನ್ನು ಸೂಕ್ಷ್ಮಜೀವಿಗಳ ನೆರವಿನಿಂದ ಹುದುಗಿಸಿ, ಸಸಿ ಬೆಳೆಸಲು ಯೋಗ್ಯವಾಗಿಸುವ ವಿಧಾನವನ್ನು ಅಭಿವೃದ್ಧಿಪಡಿಸಿದೆ.

ಮಣ್ಣನ್ನು ಶುದ್ಧೀಕರಿಸಲು ಖರ್ಚಿಲ್ಲದ ಸಾಧನವೆಂದರೆ ಬಿಸಿಲು. ಮಿಶ್ರಣವನ್ನು ತುಸು ತೇವಗೊಳಿಸಿ, ತೆಳುವಾಗಿ ಹರಡಿ, ಪಾರದರ್ಶಕ ಪಾಲಿಥೀನ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ, ಕಡು ಬೇಸಿಗೆಯಲ್ಲಿ 4ರಿಂದ 6 ವಾರ ತಾರಸಿಯ ಮೇಲಿಟ್ಟರೆ ಹುಳು, ಮೊಟ್ಟೆ ಮತ್ತು ಅನೇಕ ರೋಗಕಾರಕಗಳು ನಾಶವಾಗುತ್ತವೆ. ಸಿದ್ಧವಾದ ಮಿಶ್ರಣವನ್ನು ಒಣಗಿಸಿ ಮುಚ್ಚಳವಿರುವ ಡಬ್ಬದಲ್ಲಿಡಬೇಕು. ಬಾಯಿ ತೆರೆದ ಒದ್ದೆ ಗೊಬ್ಬರದ ಚೀಲ ಬಾಲ್ಕನಿಯ ಮೂಲೆಯಲ್ಲಿದ್ದರೆ ಅದೇ ನೊಣಗಳ ತವರಾಗುತ್ತದೆ.

ಕುಂಡದ ಆಯ್ಕೆ

ಸಸಿಯ ಈಗಿನ ಬಟ್ಟಲಿಗಿಂತ ಸುತ್ತಲೂ 2-3 ಸೆಂಟಿಮೀಟರ್ ಮಾತ್ರ ದೊಡ್ಡದಾದ ಕುಂಡವನ್ನು ಆರಿಸಬೇಕು. ಪದೇ ಪದೇ ಬದಲಿಸುವ ತೊಂದರೆ ಬೇಡವೆಂದು ನೇರವಾಗಿ ದೊಡ್ಡ ಕುಂಡಕ್ಕೆ ಹಾಕುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಬೇರು ಕುಂಡವನ್ನು ತುಂಬಿಕೊಂಡ ಮೇಲೆ ಮುಂದಿನ ಅಳತೆಗೆ ಹೋಗಬಹುದು. ಮಣ್ಣಿನ ಕುಂಡದ ಗೋಡೆಯ ಮೂಲಕವೂ ನೀರು ಆವಿಯಾಗುವುದರಿಂದ ತೇವದ ಹವೆಯ ಊರುಗಳಿಗೆ ಅದು ಪ್ಲಾಸ್ಟಿಕ್ಕಿಗಿಂತ ಮೇಲು.

ತಳದಲ್ಲಿ ಜಲ್ಲಿಯ ದಪ್ಪ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ನುಣುಪಾದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ಒದ್ದೆ ಪದರ ನಿಂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ರಂಧ್ರದ ಮೇಲೆ ಮಣ್ಣು ಸೋರದಂತೆ ಒಂದು ಬಾಗಿದ ಹಂಚಿನ ಚೂರನ್ನು ಕವುಚಿ ಇಟ್ಟರೆ ಸಾಕು. ಹಳೆಯ ಕುಂಡಗಳನ್ನು ಸೋಪಿನ ನೀರಿನಿಂದ ತಿಕ್ಕಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಬಳಸತಕ್ಕದ್ದು.

ನಾಟಿಯ ದಿನ

1. ಸಂಜೆಯ ವೇಳೆ ಅಥವಾ ಮೋಡ ಕವಿದ ದಿನ ನಾಟಿಗೆ ಪ್ರಶಸ್ತ. ಹಿಂದಿನ ರಾತ್ರಿ ತಟ್ಟೆಯ ಮೂಲಕ ಸ್ವಲ್ಪ ನೀರು ಕೊಟ್ಟಿದ್ದರೆ ಬೇರಿನ ಮುದ್ದೆ ಒಡೆಯದೆ ಹೊರಬರುತ್ತದೆ.

2. ಸಸಿಯನ್ನು ತೆಗೆಯುವ ಮೊದಲು ಬಟ್ಟಲಿನ ಮೇಲ್ಭಾಗದ ಒಂದು ಸೆಂಟಿಮೀಟರಿನಷ್ಟು ಮಣ್ಣನ್ನು ಚಮಚದಿಂದ ನಯವಾಗಿ ಕೆರೆದು ತೆಗೆಯಬೇಕು. ಮೊಟ್ಟೆಗಳು ಬಹುಪಾಲು ಈ ಪದರದಲ್ಲೇ ಇರುತ್ತವೆ. ಕೆರೆದ ಮಣ್ಣನ್ನು ಹೊಸ ಕುಂಡಕ್ಕಾಗಲಿ, ಗೊಬ್ಬರದ ಡಬ್ಬಕ್ಕಾಗಲಿ ಹಾಕದೆ, ಚೀಲದಲ್ಲಿ ಕಟ್ಟಿ ಹೊರಹಾಕಬೇಕು.

3. ಸಸಿಯನ್ನು ಎಲೆ ಹಿಡಿದು ಎತ್ತಬೇಕೇ ಹೊರತು ಕಾಂಡ ಹಿಡಿದಲ್ಲ. ಹರಿದ ಎಲೆ ಮತ್ತೆ ಬರುತ್ತದೆ. ಜಜ್ಜಿದ ಕಾಂಡ ಚೇತರಿಸಿಕೊಳ್ಳುವುದಿಲ್ಲ.

4. ಬೇರನ್ನು ಒಮ್ಮೆ ನೋಡಬೇಕು. ಆರೋಗ್ಯವಂತ ಬೇರು ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಕೊಳೆ ತಗಲಿದೆ ಎಂದು ತಿಳಿಯಬೇಕು.

5. ಮೊದಲಿದ್ದ ಆಳಕ್ಕೇ ಸಸಿಯನ್ನು ನೆಡಬೇಕು. ಟೊಮೇಟೊ ಮಾತ್ರ ಕಾಂಡದಿಂದಲೂ ಬೇರು ಬಿಡುವುದರಿಂದ ಅದನ್ನು ತುಸು ಆಳವಾಗಿ ನೆಡಬಹುದು.

6. ಕುಂಡ ತುಂಬಿದ ಮೇಲೆ ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತೊಳೆದ ದಪ್ಪ ಮರಳನ್ನು ಹರಡಬೇಕು. ಮರಳು ಬೇಗ ಒಣಗುವುದರಿಂದ ನೊಣ ಮೊಟ್ಟೆಯಿಡಲು ಹಿಂಜರಿಯುತ್ತದೆ. ಮುಂಬಯಿ, ಚೆನ್ನೈಗಳಲ್ಲಿರುವವರು ಸಮುದ್ರತೀರದ ಮರಳನ್ನು ತಂದು ಹಾಕಬಾರದು. ಅದರಲ್ಲಿರುವ ಉಪ್ಪು ಸಸಿಯನ್ನು ಸುಡುತ್ತದೆ.

7. ಕೆಳಗಿನ ರಂಧ್ರದಿಂದ ನೀರು ಹೊರಬರುವವರೆಗೆ ಒಮ್ಮೆ ನೀರುಣಿಸಿ, ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಬೇಕು.

ನಾಟಿಯ ನಂತರ: ನೀರಿನ ಮಿತಿ

ಸಸಿಯ ಅಳಿವು ಉಳಿವು ಬಹುಮಟ್ಟಿಗೆ ಈ ಹಂತದಲ್ಲಿ ನಿರ್ಧಾರವಾಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಕುಂಡದ ನೀರಿಗೆ ಅಕ್ಷರಶಃ ಅನ್ವಯಿಸುತ್ತದೆ. ದಿನಕ್ಕೆ ಒಮ್ಮೆ ಎಂಬ ನಿಯಮ ಇಟ್ಟುಕೊಳ್ಳದೆ, ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ ನೋಡಬೇಕು. ಅಲ್ಲಿಯವರೆಗೆ ಮಣ್ಣು ಒಣಗಿದ್ದರೆ ಮಾತ್ರ ನೀರು. ತಣ್ಣಗೆ ಅಂಟಿಕೊಂಡರೆ ಬೇಡ. ಕುಂಡವನ್ನು ಎತ್ತಿ ತೂಕ ನೋಡುವ ಅಭ್ಯಾಸವೂ ಒಳ್ಳೆಯದು. ನೀರನ್ನು ಬೆಳಿಗ್ಗೆ ಕೊಟ್ಟರೆ ಸಂಜೆಯ ವೇಳೆಗೆ ಮೇಲ್ಪದರ ಆರುತ್ತದೆ.

ನಾಟಿಯಾದ ಮೊದಲ ಎರಡು ಮೂರು ದಿನ ಸಸಿ ಸ್ವಲ್ಪ ಬಾಡುವುದು ಸಹಜ. ಆಗ ಅದಕ್ಕೆ ಬೇಕಾದದ್ದು ನೆರಳು, ಹೆಚ್ಚಿನ ನೀರಲ್ಲ. ಬಾಡಿದ ಸಸಿಯನ್ನು ಕಂಡಾಗಲೆಲ್ಲ ಮೊದಲು ಮಣ್ಣನ್ನು ಮುಟ್ಟಿ ನೋಡಬೇಕು. ಮಣ್ಣು ಒಣಗಿ ಸಸಿ ಬಾಡಿದ್ದರೆ ಅದು ಬಾಯಾರಿಕೆ. ಮಣ್ಣು ಒದ್ದೆಯಿದ್ದೂ ಸಸಿ ಬಾಡಿದ್ದರೆ ಅದು ಬೇರಿನ ತೊಂದರೆ. ಎರಡನೆಯ ಸಂದರ್ಭದಲ್ಲಿ ನೀರು ಕೊಡುವುದೆಂದರೆ ಹುಳುಗಳಿಗೆ ಅನುಕೂಲ ಮಾಡಿಕೊಟ್ಟಂತೆಯೇ.

ಅಕ್ಕಿ ತೊಳೆದ ನೀರು, ಹಾಲಿನ ಪಾತ್ರೆ ತೊಳೆದ ನೀರು, ಕಾಫಿಯ ಚರಟ, ಚಹಾ ಸೊಪ್ಪು ಇವುಗಳನ್ನು ಕುಂಡಕ್ಕೆ ಸುರಿಯುವುದು ಅನೇಕ ಮನೆಗಳ ವಾಡಿಕೆ. ಏನನ್ನೂ ವ್ಯರ್ಥ ಮಾಡಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಇವು ಮಣ್ಣಿನ ಮೇಲೆಯೇ ಉಳಿದು ಕೊಳೆತು ಬೂಷ್ಟು ಬೆಳೆಸುತ್ತವೆ. ಚರಟವನ್ನು ಗೊಬ್ಬರದ ಡಬ್ಬಕ್ಕೆ ಹಾಕಿ ಕಳಿಸಿ ಬಳಸಬಹುದು. ಅಕ್ಕಿ ತೊಳೆದ ನೀರನ್ನು ಹೊರಗೆ ನೆಲದಲ್ಲಿ ಬೆಳೆದ ಬಲಿತ ಗಿಡಗಳಿಗೆ ಹಾಕಬಹುದು. ಎಳೆಯ ಸಸಿಯ ಕುಂಡಕ್ಕೆ ಮಾತ್ರ ಇವು ಸಲ್ಲ. ಉದುರಿದ ಎಲೆಗಳನ್ನೂ ಅಂದಂದೇ ತೆಗೆಯಬೇಕು.

ನೊಣಗಳು ಕಂಡುಬಂದಲ್ಲಿ ಹತೋಟಿ ಕ್ರಮಗಳು

ಮೊದಲ ಕ್ರಮ, ಮೇಲ್ಪದರವನ್ನು ಒಣಗಿಸುವುದು. ಸಸಿ ತಾಳುವಷ್ಟು ದಿನ ನೀರು ತಡೆದು, ಬಳಿಕ ತಟ್ಟೆಯ ಮೂಲಕ ಮಾತ್ರ ನೀರು ಕೊಡಬೇಕು. ಉಳಿದೆಲ್ಲ ಉಪಾಯಗಳು ಇದಕ್ಕೆ ಪೂರಕವೇ ಹೊರತು ಇದಕ್ಕೆ ಬದಲಿಯಲ್ಲ.

ಎರಡನೆಯದು ಹಳದಿ ಅಂಟು ಹಾಳೆ. ಈ ನೊಣಗಳಿಗೆ ಹಳದಿ ಬಣ್ಣ ಆಕರ್ಷಕ. ಅಂಗಡಿಯ ಹಾಳೆ ದೊರೆಯದಿದ್ದರೆ ಹಳದಿ ರಟ್ಟಿನ ತುಂಡಿಗೆ ಹರಳೆಣ್ಣೆ ಸವರಿ, ಮಣ್ಣಿಗೆ ಸಮೀಪವಾಗಿ ಇರಿಸಬಹುದು. ಇದರಿಂದ ಎಲ್ಲ ನೊಣಗಳೂ ಸಾಯುವುದಿಲ್ಲವಾದರೂ ಬಾಧೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ವಾರಕ್ಕೊಮ್ಮೆ ಎಣಿಸಿ ಬರೆದಿಟ್ಟುಕೊಂಡು ಹೊಸ ಹಾಳೆ ಇಡಬೇಕು. ಹಣ್ಣಿನ ನೊಣಗಳಿಗಾಗಿ ಇಡುವ ವಿನಿಗರ್ ಬಟ್ಟಲನ್ನು ಇಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಮೂರನೆಯದು ಜೈವಿಕ ಕ್ರಮ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಪತ್ತೆಯಾದ ‘ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್’ ಎಂಬ ಬ್ಯಾಕ್ಟೀರಿಯಾ ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ. ನಮ್ಮ ದೇಶದ ಸೊಳ್ಳೆ ನಿಯಂತ್ರಣ ಕಾರ್ಯಕ್ರಮಗಳಲ್ಲೂ ಅದರ ಬಳಕೆಯಿದೆ. ಶಿಲೀಂಧ್ರ ನೊಣದ ಮರಿಹುಳುಗಳ ಮೇಲೂ ಅದು ಪರಿಣಾಮಕಾರಿ. ಹುಳು ಅದನ್ನು ತಿಂದಾಗ ಮಾತ್ರ ಸಾಯುವುದರಿಂದ ದ್ರಾವಣ ಮಣ್ಣಿಗೆ ಇಳಿಯಬೇಕು. ಮಣ್ಣಿನಲ್ಲಿ ಅದರ ಶಕ್ತಿ ಬಹುದಿನ ನಿಲ್ಲುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಬಾರಿ ಹಾಕಬೇಕು. ಗಿಡಗಳಿಗೆಂದು ಮಾರುವ ತಯಾರಿಕೆಯನ್ನೇ ಕೊಂಡು, ಪೊಟ್ಟಣದ ಮೇಲಿನ ಪ್ರಮಾಣವನ್ನು ಅನುಸರಿಸತಕ್ಕದ್ದು. ಕೊಳ್ಳುವಾಗ ಹೆಸರನ್ನು ಪೂರ್ತಿ ಓದುವುದು ಅಗತ್ಯ. ‘ಕುರ್ಸ್ಟಾಕಿ’ ಎಂಬ ಇನ್ನೊಂದು ಬಗೆ ಎಲೆ ತಿನ್ನುವ ಕಂಬಳಿಹುಳುಗಳಿಗೆ ಮೀಸಲು. ಇದಕ್ಕೆ ಅದು ನಾಟುವುದಿಲ್ಲ.

ನಾಲ್ಕನೆಯದು ಬೇವು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಹುಳುಗಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಇದರ ದ್ರಾವಣವನ್ನು ಮಣ್ಣಿಗೆ ಹಾಕಿದರೆ ಹುಳುಗಳು ಕೂಡಲೇ ಸಾಯುವುದಿಲ್ಲ, ಆದರೆ ನೊಣವಾಗುವುದು ಕಡಿಮೆಯಾಗುತ್ತದೆ. ಫಲಿತಾಂಶಕ್ಕೆ ತಾಳ್ಮೆ ಬೇಕು.

ವಿಷದ ಬಗ್ಗೆ ಎಚ್ಚರಿಕೆ

ಸೊಳ್ಳೆ ಔಷಧದ ಸಿಂಪಡಣೆ ಹಾರುವ ನೊಣವನ್ನಷ್ಟೇ ಕೊಲ್ಲುತ್ತದೆ. ಮಣ್ಣಿನೊಳಗಿನ ಹುಳುಗಳು ಒಂದೆರಡು ವಾರಗಳಲ್ಲಿ ಮತ್ತೆ ನೊಣಗಳಾಗಿ ಬರುತ್ತವೆ. ಮೇಲಾಗಿ ತುಳಸಿ, ದೊಡ್ಡಪತ್ರೆ, ಮೆಣಸಿನಕಾಯಿಗಳನ್ನು ಮನೆಯ ಮಕ್ಕಳೂ ಹಿರಿಯರೂ ನೇರವಾಗಿ ಸೇವಿಸುತ್ತಾರೆಂಬುದನ್ನು ಮರೆಯಬಾರದು.

ಹಿಂದೆ ಸಸಿಮಡಿಗಳಿಗೂ ಕುಂಡಗಳಿಗೂ ಫೋರೇಟ್ ಹರಳು ಉದುರಿಸುವ ಪದ್ಧತಿಯಿತ್ತು. ಇದು ಅತ್ಯಂತ ಘೋರವಾದ ವಿಷ. ಕೇಂದ್ರ ಸರ್ಕಾರವು 2018ರ ಆಗಸ್ಟ್ ತಿಂಗಳಲ್ಲಿ ಹೊರಡಿಸಿದ ಆದೇಶದ ಮೇರೆಗೆ 2020ರ ಡಿಸೆಂಬರ್ 31ರಿಂದ ಫೋರೇಟನ್ನು ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಮನೆಯಲ್ಲಿದ್ದರೆ ಅದನ್ನು ಬಳಸಲೂ ಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಲೂ ಬಾರದು. ಯಾವುದೇ ಕೀಟನಾಶಕದ ಡಬ್ಬದ ಮೇಲೆ ಬಣ್ಣದ ಗುರುತಿರುತ್ತದೆ. ಕೆಂಪು ಅತಿ ತೀವ್ರ ವಿಷ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅಲ್ಪ ವಿಷವೆಂದು ಸೂಚಿಸುತ್ತವೆ. ಬಾಲ್ಕನಿಯ ಸಸಿಗಳಿಗೆ ಕೆಂಪು, ಹಳದಿ ಗುರುತಿನ ಔಷಧಗಳ ಅಗತ್ಯವೇ ಬೀಳುವುದಿಲ್ಲ.

ಊರಿಗೆ ತಕ್ಕ ಕಾಲ

ಒಂದೇ ಕ್ರಮ ಎಲ್ಲ ನಗರಗಳಿಗೂ ಒಂದೇ ತಿಂಗಳಲ್ಲಿ ಹೊಂದುವುದಿಲ್ಲ. ಮುಂಬಯಿ ಮತ್ತು ಪುಣೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಹವೆಯಿಂದಾಗಿ ಕುಂಡ ಒಣಗುವುದು ನಿಧಾನ. ಅಲ್ಲಿ ಈ ತಿಂಗಳುಗಳಲ್ಲಿ ಸಸಿಗಳನ್ನು ಮಳೆ ಬೀಳದ, ಗಾಳಿ ಬೆಳಕಿರುವ ಜಾಗದಲ್ಲಿಡಬೇಕು. ಸಾಧ್ಯವಾದರೆ ಮಳೆ ಇಳಿದ ಮೇಲೆ ನ���ಟಿ ಮಾಡುವುದು ಒಳ್ಳೆಯದು. ಚೆನ್ನೈಯಲ್ಲಿ ಮಳೆ ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಳುವುದರಿಂದ ಅದೇ ಎಚ್ಚರಿಕೆ ಆ ತಿಂಗಳುಗಳಿಗೆ ಅನ್ವಯಿಸುತ್ತದೆ.

ದೆಹಲಿಯಲ್ಲಿ ಮಳೆಗಾಲದ ಜೊತೆಗೆ ಚಳಿಗಾಲವೂ ಅಪಾಯದ ಕಾಲ. ಡಿಸೆಂಬರ್, ಜನವರಿಗಳಲ್ಲಿ ಚಳಿಗೆ ಹೆದರಿ ಸಸಿಗಳನ್ನು ಕೋಣೆಯೊಳಗೆ ತಂದಿಟ್ಟಾಗ ಬಿಸಿಲಿಲ್ಲದೆ ಮಣ್ಣು ಹಲವು ದಿನ ಒದ್ದೆಯಿರುತ್ತದೆ. ಕೋಣೆಯ ಬೆಚ್ಚನೆಯ ಹವೆಯಲ್ಲಿ ನೊಣಗಳು ಬೆಳೆಯುತ್ತವೆ. ಆದ್ದರಿಂದ ಬೇಸಿಗೆಯ ಪ್ರಮಾಣದಲ್ಲಿ ಚಳಿಗಾಲದಲ್ಲೂ ನೀರು ಕೊಡಬಾರದು. ಹಗಲು ಬಿಸಿಲಿಗೆ ಹೊರಗಿರಿಸಿ, ರಾತ್ರಿ ಒಳಗೆ ತರಬೇಕು. ದೆಹಲಿ, ಹೈದರಾಬಾದುಗಳ ಏಪ್ರಿಲ್, ಮೇ ತಿಂಗಳ ಬಿಸಿಲು ಸಸಿಗಳ ನಾಟಿಗೆ ಒಗ್ಗದು. ಆದರೆ ಮುಂದಿನ ಋತುವಿನ ಮಣ್ಣನ್ನು ಪಾಲಿಥೀನ್ ಹೊದಿಸಿ ಶುದ್ಧಗೊಳಿಸಲು ಅದೇ ಅತ್ಯುತ್ತಮ ಕಾಲ.

ಉಪಸಂಹಾರ

ಶಿಲೀಂಧ್ರ ನೊಣವನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಬೇರು ಊರುವವರೆಗಿನ ಆ ಮೂರು ನಾಲ್ಕು ವಾರ ಅದರ ಸಂಖ್ಯೆ ಮಿತಿಮೀರದಂತೆ ನೋಡಿಕೊಂಡರೆ, ಮುಂದೆ ಗಿಡವೇ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಅದಕ್ಕೆ ನೆನಪಿಡಬೇಕಾದ ಅಂಶಗಳು ಕೆಲವೇ: ನಾಟಿಗೆ ಮುನ್ನ ಆಲೂಗಡ್ಡೆಯ ಪರೀಕ್ಷೆ, ಕಳಿತ ಗೊಬ್ಬರ, ಸಸಿಗೆ ತಕ್ಕ ಅಳತೆಯ ಕುಂಡ, ಹಳೆಯ ಮೇಲ್ಮಣ್ಣನ್ನು ಕೆರೆದು ತೆಗೆಯುವುದು, ಮೇಲೊಂದು ಮರಳಿನ ಹೊದಿಕೆ ಮತ್ತು ಬೆರಳಿನಿಂದ ಮುಟ್ಟಿ ನೋಡಿ ಕೊಡುವ ನೀರು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಮನೆಯ ಮಕ್ಕಳನ್ನೂ ಈ ಕೆಲಸದಲ್ಲಿ ಜೊತೆಗೂಡಿಸಿಕೊಂಡು, ಆಲೂಗಡ್ಡೆಯ ಬಿಲ್ಲೆಯನ್ನು ಎತ್ತಿ ನೋಡುವುದನ್ನೂ ಹಳದಿ ಹಾಳೆಯ ಮೇಲಿನ ನೊಣಗಳನ್ನು ಎಣಿಸುವುದನ್ನೂ ಅವರಿಗೆ ವಹಿಸಬಹುದು. ಊರಿನಿಂದ ತಂದ ಬೀಜ ಪರಊರಿನ ಕುಂಡದಲ್ಲಿ ಬೇರೂರಿ ಹೂ ಬಿಡುವಂತಾಗಲು ಇಷ್ಟು ಎಚ್ಚರಿಕೆ ಸಾಕು.